ನಿಧಾನದವನು ಮುಂದೆ

ಬಾಲಾ,
ಮೇ ೩೧, ೨೦೦೯, ಭಾನುವಾರ

ಪ್ರೀತಿಯ ಅಣ್ಣ ಎಮಿರ್,

ಕ್ರಿಸ್‌ಮಸ್‌ಗೆ ನೀನು ಬರೆದ ಕಾಗದಕ್ಕೆ ಮೇ ತಿಂಗಳು ಮುಗಿಯುವಾಗ ಉತ್ತರ ಬರೆಯುತ್ತಿದ್ದೇನೆ. ಬೈಯಬೇಕೆನಿಸಿದರೆ ಬೈದುಬಿಡು, ಪ್ಯಾಟಗೋನಿಯಾದಿಂದ ಬೈದರೆ ನನಗೆ ಕೇಳಿಸುವುದಿಲ್ಲ. ಕುರಿಗಳು ಮರಿ ಹಾಕುವ ಕಾಲಕ್ಕೆ ಸರಿಯಾಗಿ ಹಿಮ ಬಿತ್ತು. ಅದು ಕರಗುವಷ್ಟರಲ್ಲಿ ನನ್ನ ಎಡಮಂಡಿ ಹಟ ಹಿಡಿಯಿತು. ಮಂಡಿ ಸರಿಹೋದ ಮೇಲೆ ಬರೆಯಲು ಕೂತರೆ, ಬರೆಯಬಾರದ್ದೇ ಮೊದಲು ಕೈಗೆ ಬರುತ್ತಿತ್ತು. ಹಾಗಾಗಿ ಪೆನ್ನು ಮುಚ್ಚಿಡುತ್ತಿದ್ದೆ.

ನೀನು ಕಳಿಸಿದ ಫೋಟೋವನ್ನು ಅಡುಗೆಮನೆಯ ಕಿಟಕಿಗೆ ಒರಗಿಸಿದ್ದೇನೆ. ನಿನ್ನ ಮೊಮ್ಮಗಳು ಕುದುರೆಯ ಮೇಲೆ ಕೂತಿರುವ ರೀತಿ ನೋಡಿದರೆ ನಮ್ಮ ಅಪ್ಪನೇ ಕೂತ ಹಾಗಿದೆ, ಅದೇ ಬಾಗಿದ ಬೆನ್ನು. ಅತ್ತಿಗೆಗೆ ಹೇಳು, ಆ ಟೋಪಿ ಅವರಿಗೆ ಚೆನ್ನಾಗಿ ಒಪ್ಪುತ್ತದೆ. ಇಲ್ಲಿ ಚಾಪೆಲ್ಲಿಗೆ ಪ್ರಾರ್ಥನೆಗೆ ಬರುವವರು ಈಗ ಎರಡು ಬೆಂಚಿಗೆ ಸಾಕಾಗುವಷ್ಟೇ ಉಳಿದಿದ್ದೇವೆ. ಆರ್ಗನ್ ನುಡಿಸುವ ಅಜ್ಜಿ ಎಷ್ಟು ನಿಧಾನವೆಂದರೆ ಒಂದು ಸಾಲು ಹಾಡಿ ಮುಗಿಸಲು ನಾವು ಎರಡು ಸಲ ಉಸಿರೆಳೆದುಕೊಳ್ಳಬೇಕು. ದೊಡ್ಡ ಬೀದಿಯ ಮಾಂಸದಂಗಡಿ ಮುಚ್ಚಿತು. ಅಲ್ಲೀಗ ಪ್ರವಾಸಿಗಳಿಗೆ ಸುವಾಸನೆಯ ಮೇಣದಬತ್ತಿ ಮಾರುತ್ತಾರೆ. ಮಾಂಸ ಬೇಕಾದರೆ ನಾವು ಬಸ್ ಹತ್ತಬೇಕು, ನೋಡು. ಸುತ್ತ ಎಲ್ಲಿ ಕಣ್ಣು ಹಾಯಿಸಿದರೂ ಕುರಿಗಳೇ ಇರುವ ಊರು ಇದು.

ನಿನ್ನ ಗೆಳೆಯ ಇದ್ವಲ್ ಹೇಗಿದ್ದಾನೆ ಎಂದು ಕೇಳಿದ್ದೀಯ. ಪ್ರತಿ ಕಾಗದದಲ್ಲೂ ಕೇಳುತ್ತೀಯ. ಪ್ರತಿ ಸಲವೂ ನಾನು ‘ಕಲ್ಲುಗುಂಡಿನ ಹಾಗಿದ್ದಾನೆ’ ಎಂದು ಬರೆಯುತ್ತಿದ್ದೆ. ಈ ಸಲ ಹಾಗೆ ಬರೆಯಲಾರೆ.

ಮರೆವು ಚಳಿಗಾಲದಲ್ಲೇ ಶುರುವಾಗಿತ್ತಂತೆ. ಒಂದು ದಿನ ನಾಯಿಯ ಊಟವನ್ನು ಒಲೆಯ ಗೂಡಿನಲ್ಲಿ ಬಿಸಿಗಿಟ್ಟು, ತನ್ನ ಊಟವನ್ನು ನಾಯಿಗೆ ಹಾಕಿದ. ಹೆಂಡತಿ ನೆಸ್ತಾ ನಕ್ಕಳು, ಅವನೂ ನಕ್ಕ. ಆಮೇಲೊಂದು ದಿನ ಎಂದೋ ತೀರಿಕೊಂಡ ಅಮ್ಮ ಯಾಕೆ ಇನ್ನೂ ಎದ್ದಿಲ್ಲ ಎಂದು ಅವಳನ್ನು ಕೇಳಿದ. ಅವತ್ತು ನೆಸ್ತಾ ನಗಲಿಲ್ಲ. ಡಾಕ್ಟರು ಏನೇನೋ ಚಿತ್ರ ಬರೆಸಿದರು, ಗಡಿಯಾರ ಬರೆಸಿದರು, ಕೊನೆಗೆ ಇನ್ನು ಇದು ಇಳಿಜಾರೇ ಎಂದರು. ಮೋಟಾರ್‌ಬೈಕು ಓಡಿಸುವ ವಿಷಯ ಮನೆಯವರು ಕಣ್ಣಿಟ್ಟು ನೋಡಿ ಹೇಳಬೇಕಂತೆ.

ಏಪ್ರಿಲ್ ಕೊನೆಯಲ್ಲಿ ನೆಸ್ತಾ ನನ್ನ ಅಡುಗೆಮನೆಗೆ ಬಂದಳು. ಕೋಟು ಬಿಚ್ಚಲಿಲ್ಲ, ಚಹಾ ಬೇಡವೆಂದಳು. ನೆಸ್ತಾ ಚಹಾ ಬೇಡವೆಂದರೆ ಸುದ್ದಿ ಎಂಥದ್ದೆಂದು ನಿನಗೆ ಗೊತ್ತು.

“ಮರಿಗಳ ಕೆಲಸ ಮುಗೀತಲ್ಲ, ಸಮುದ್ರಕ್ಕೆ ಹೋಗೋದು ಯಾವಾಗ ಅಂತ ದಿನಾ ಕೇಳ್ತಾನೆ. ನೀನು ಕರ್ಕೊಂಡು ಹೋಗು, ಹೆವಿನ್. ಇಡೀ ದಿನ ಅವನನ್ನ ನೋಡು. ಓಡಿಸಬಹುದು ಅಂತ ನೀನಂದ್ರೆ ನಾನು ಬಾಯಿ ಮುಚ್ಕೋತೀನಿ. ಬೇಡ ಅಂದ್ರೆ ಗಾಡಿ ಮಾರಾಟ ಮಾಡ್ತೀನಿ.”

“ಅದನ್ನ ನನ್ನ ಬಾಯಿಂದ ಯಾಕೆ ಹೇಳಿಸ್ತೀಯ?” ಎಂದೆ.

“ನಾನು ಹೆಂಡತಿ. ನಾನು ಹೇಳಿದ್ರೆ ಅದು ಕಿರಿಕಿರಿ. ನೀನು ಹೇಳಿದ್ರೆ ತೀರ್ಪು” ಎಂದು ಹೇಳಿ ಹೊರಟುಹೋದಳು.

ಅಣ್ಣಾ, ಆ ಸವಾರಿ ನನಗೆ ಏನೆಂದು ನಿನಗೆ ಬಿಡಿಸಿ ಹೇಳಬೇಕಿಲ್ಲ. ನಿಮ್ಮಿಬ್ಬರ ಮೂರು ನಾಲ್ಕು ಬೇಸಿಗೆಗಳ ಆಟ ಅದು. ನೀನು ಹಡಗು ಹತ್ತಿದ ಮೇಲೆ ನಿನ್ನ ಜಾಗಕ್ಕೆ ನಾನು ಹತ್ತಿದೆ. ಆಗ ನನಗೆ ಹದಿನೇಳು. ಅಂದಿನಿಂದ ವರ್ಷ ತಪ್ಪದೆ, ಮರಿಗಳ ಕೆಲಸ ಮುಗಿದ ಮೇಲಿನ ಮೊದಲ ಒಣ ಶನಿವಾರ, ಬಾಲಾದಿಂದ ಆಬರ್‌ದಾರನ್‌ವರೆಗೆ. ಭೂಮಿ ಮುಗಿಯುವ ತುದಿಯಲ್ಲಿ ಕೂತು ಎನ್ಲಿ ದ್ವೀಪ ನೋಡುತ್ತಾ ಬ್ರೆಡ್ಡು ತಿಂದು, ಹೊತ್ತು ಮುಳುಗುವ ಮುಂಚೆ ಮನೆಗೆ. ನಾನು ಮದುವೆಯಾಗಲಿಲ್ಲ, ಮಕ್ಕಳಿಲ್ಲ. ವರ್ಷದಲ್ಲಿ ನನ್ನದು ಅಂತ ಇದ್ದದ್ದು ಆ ಒಂದು ದಿನ. ನೆಸ್ತಾ ನನ್ನ ಕೈಗೆ ಕೊಟ್ಟು ಹೋದದ್ದು ಅದರ ಕುತ್ತಿಗೆ ಹಿಚುಕುವ ಕೆಲಸ.

ನಮ್ಮ ಕಣಿವೆಯ ಕಟ್ಟಳೆ ನಿನಗೆ ನೆನಪಿರಬೇಕು. ನಿಧಾನದವನು ಮುಂದೆ, ಚುರುಕಿನವನು ಹಿಂದೆ. ಮುಂದಿನವನು ಕೈಬೀಸಿ ಕರೆಯುವತನಕ ಹಿಂದಿನವನು ದಾಟುವ ಹಾಗಿಲ್ಲ. ಯಾರೂ ಯಾರನ್ನೂ ಬಿಟ್ಟು ಹೋಗಬಾರದೆಂದು ಇದ್ವಲ್‌ನ ಅಪ್ಪನ ಕಾಲದವರು ಮಾಡಿದ್ದು. ಇಷ್ಟು ವರ್ಷವೂ ನಾನೇ ಮುಂದೆ. ನನ್ನ ಕನ್ನಡಿಯಲ್ಲಿ ಇದ್ವಲ್‌ನ ದೀಪ. ಎಷ್ಟು ವರ್ಷ ಓಡಿಸಿದರೂ ನಾನು ತಿರುವಿನಲ್ಲಿ ಹೆದರುವವನೇ.

ಮೇ ಎರಡನೆಯ ಶನಿವಾರ ಬೆಳಗ್ಗೆ ಅವನ ಅಂಗಳಕ್ಕೆ ಹೋದೆ. ಬಿಸಿಲು ಬಿದ್ದಿತ್ತು. ತನ್ನ ನೀಲಿ ಟ್ರಯಂಫ್ ಬೈಕನ್ನು ಉಜ್ಜಿ ಉಜ್ಜಿ ಹೊಳೆಯುವ ಹಾಗೆ ಮಾಡಿ ನಿಲ್ಲಿಸಿದ್ದ. ನನ್ನ ಜಪಾನಿ ಗಾಡಿಯ ಸದ್ದು ಕೇಳಿ ಕಿವಿಗೆ ಕೈ ಹಿಡಿದ.

“ಬಂತಪ್ಪಾ ಹೊಲಿಗೆ ಮಿಷನ್. ದಾರ ಪೋಣಿಸಿಯಾಯ್ತಾ?”

“ನಿಂದು ಎಣ್ಣೆ ಸೋರೋದು ನಿಂತಿದೆಯಾ? ಇಲ್ಲ ಬಕೆಟ್ ಕಟ್ಕೊಂಡು ಬರ್ತೀಯಾ?”

ನೆಸ್ತಾ ಚೀಸು-ಈರುಳ್ಳಿ ಬ್ರೆಡ್ಡು, ಒಣದ್ರಾಕ್ಷಿ ಕೇಕು, ಫ್ಲಾಸ್ಕಿನಲ್ಲಿ ಚಹಾ ಕಟ್ಟಿಕೊಟ್ಟಳು. ಅವಳು ನನ್ನ ಮುಖ ನೋಡಲಿಲ್ಲ, ನಾನು ಅವಳ ಮುಖ ನೋಡಲಿಲ್ಲ. ನಾನು ಎಂದಿನಂತೆ ಮುಂದೆ ಹೋಗಿ ಗೇಟಿನಲ್ಲಿ ನಿಂತೆ. ಇದ್ವಲ್ ಪಕ್ಕಕ್ಕೆ ಬಂದು, “ಇವತ್ತು ನೀನು ಹಿಂದೆ ಬಾ” ಎಂದ.

ಅವನಿಗೇ ಗೊತ್ತಾಗಿದೆ, ತಾನು ನಿಧಾನದವನಾದೆನೆಂದು ತಾನೇ ಒಪ್ಪಿಕೊಂಡಿದ್ದಾನೆ ಎಂದುಕೊಂಡೆ. ಹಿಂದೆ ಸರಿದೆ.

ಆದರೆ ಅಣ್ಣಾ, ಅವನು ಓಡಿಸಿದ ಚೆಂದವೇ ಚೆಂದ. ತೂರಾಡುತ್ತಾನೆ, ಬ್ರೇಕಿಗೆ ತಡಕಾಡುತ್ತಾನೆ ಎಂದು ನಾನು ಕಾದಿದ್ದೆ. ಅಂಥದ್ದೇನೂ ಇಲ್ಲ. ನಮ್ಮ ಅಜ್ಜಿಯ ಊರನ್ನು ನುಂಗಿದ ಅಣೆಕಟ್ಟಿನ ಕೆರೆಯ ದಂಡೆಯುದ್ದಕ್ಕೂ ಹಳದಿ ಹೂ ಬಿಟ್ಟ ಮುಳ್ಳುಗಿಡಗಳು. ನೀರಿನ ಮೇಲೆ ಮೋಡದ ನೆರಳು ಓಡುತ್ತಿತ್ತು. ಅವನು ಒಂದು ತಿರುವಿನಿಂದ ಇನ್ನೊಂದಕ್ಕೆ, ಮಗು ತೊಟ್ಟಿಲಲ್ಲಿ ಹೊರಳಿದ ಹಾಗೆ, ಹೊರಳುತ್ತಾ ಹೋದ. ನಲವತ್ತು ವರ್ಷ ಜೊತೆಯಲ್ಲಿ ಓಡಿಸಿದರೂ ಅವನು ಓಡಿಸುವುದನ್ನು ನಾನು ನೋಡಿರಲೇ ಇಲ್ಲ, ಕನ್ನಡಿಯಲ್ಲಿ ದೀಪವಷ್ಟೇ ಕಂಡಿದ್ದೆ. ತಲೆ ಮರೆತದ್ದನ್ನು ಮೈ ಮರೆತಿಲ್ಲ ಎಂದು ನನಗೆ ಎಷ್ಟು ಸಂತೋಷವಾಯಿತೆಂದರೆ, ನೆಸ್ತಾಳಿಗೆ ಏನು ಹೇಳಬೇಕೆಂದು ಹೆಲ್ಮೆಟ್ಟಿನೊಳಗೇ ಮಾತು ಜೋಡಿಸಿಕೊಂಡೆ. ‘ನನಗಿಂತ ಚೆನ್ನಾಗಿ ಓಡಿಸ್ತಾನೆ, ಇನ್ನೂ ಎರಡು ವರ್ಷ ಭಯವಿಲ್ಲ.’ ಇದನ್ನು ಗಟ್ಟಿಯಾಗಿ ಹೇಳಿಯೂ ನೋಡಿದೆ.

ಟ್ರೌಸ್‌ವನಿದ್‌ನ ಕೂಡುರಸ್ತೆ ಬಂತು. ಆಬರ್‌ದಾರನ್‌ಗೆ ಬಲಕ್ಕೆ ತಿರುಗಬೇಕು, ಅದು ನಮ್ಮ ಕುರಿಗಳಿಗೂ ಗೊತ್ತು. ಇದ್ವಲ್ ನಿಂತ. ಬಲಕ್ಕೆ ನೋಡಿದ, ಎಡಕ್ಕೆ ನೋಡಿದ, ಮತ್ತೆ ಬಲಕ್ಕೆ ನೋಡಿದ. ರಸ್ತೆ ಖಾಲಿಯಿತ್ತು. ನನ್ನ ಹಿಂದೆ ಕಾರುಗಳು ಬಂದು ನಿಂತವು, ಒಬ್ಬ ಹಾರ್ನ್ ಹಾಕಿದ. ಇದ್ವಲ್‌ನ ಬೆನ್ನು ಅಲ್ಲಾಡಲಿಲ್ಲ. ಬಾಗಿಲು ತೆರೆದು, ತಾನು ಯಾವ ಕೋಣೆಗೆ ಬಂದೆ, ಯಾಕೆ ಬಂದೆ ಎಂದು ತಿಳಿಯದೆ ನಿಂತವನ ಬೆನ್ನು ಅದು. ಆಮೇಲೆ ಎಡಗಡೆಯ ದೀಪ ಮಿನುಗಿತು. ಎಡಕ್ಕೆ ತಿರುಗಿದ.

ನಾನು ಮುಂದೆ ಹೋಗಿ ತಡೆಯಬಹುದಿತ್ತು. ಆದರೆ ಅವನು ಕೈ ಬೀಸಿರಲಿಲ್ಲ. ಇದನ್ನು ಬೇರೆ ಯಾರಿಗಾದರೂ ಹೇಳಿದರೆ ನನಗೇ ತಲೆ ಸರಿಯಿಲ್ಲ ಅನ್ನುತ್ತಾರೆ, ನಿನಗೆ ಅರ್ಥವಾಗುತ್ತದೆ. ದಾಟಿ ಹೋದರೆ ‘ನಿನಗೆ ದಾರಿ ಗೊತ್ತಿಲ್ಲ’ ಎಂದು ಮುಖದ ಮೇಲೆ ಹೇಳಿದ ಹಾಗೆ. ಹಿಂದೆ ಹೋದೆ.

ಡೋಲ್ಗೆತ್ಲಿಯ ಚೌಕವನ್ನು ಅವನು ಒಂದು ಸುತ್ತು ಹಾಕಿದ. ಇನ್ನೊಂದು ಸುತ್ತು ಹಾಕಿದ. ಹೋಟೆಲಿನ ಹೊರಗೆ ಕಾಫಿ ಕುಡಿಯುತ್ತಿದ್ದವರು ನಗಲು ಶುರುಮಾಡಿದರು. ಮಗುವಿನ ಗಾಡಿ ತಳ್ಳುತ್ತಿದ್ದ ಹೆಂಗಸೊಬ್ಬಳಿಗೆ ಅವನು ಮೊದಲ ಸುತ್ತಿನಲ್ಲಿ ತಲೆಬಾಗಿ ವಂದಿಸಿದ್ದ. ಮೂರನೆಯ ಸುತ್ತಿನಲ್ಲೂ ಹಾಗೇ ವಂದಿಸಿದ, ಈಗಷ್ಟೇ ಕಂಡವನ ಹಾಗೆ. ನಾನು ಅವನ ಬಾಲ ಹಿಡಿದು ಸುತ್ತುತ್ತಲೇ ಇದ್ದೆ. ಕಡೆಗೆ ಯಾವುದೋ ಲಾರಿ ದಾರಿ ಬಿಟ್ಟಿತು, ನಾವು ಹೊಳೆಯ ಮಗ್ಗುಲಿನ ರಸ್ತೆಗೆ ಬಿದ್ದೆವು. ನೀರು ಇಳಿದಿತ್ತು. ಮರಳು ಹಸಿಯಾಗಿ, ಜೇನಿನ ಬಣ್ಣಕ್ಕೆ, ಗುಡ್ಡದ ಬುಡದವರೆಗೆ ಚಾಚಿಕೊಂಡಿತ್ತು. ಇಡೀ ವೇಲ್ಸಿನಲ್ಲಿ ಅದಕ್ಕಿಂತ ಚೆಂದದ ರಸ್ತೆಯಿಲ್ಲ ಎನ್ನುತ್ತಾರೆ. ಇರಬಹುದು. ನನಗೆ ಕಂಡದ್ದು ಅವನ ಬೆನ್ನೊಂದೇ.

ಹೀಗೆ ನಾವು ಆಬರ್‌ದಾರನ್‌ಗೆಂದು ಹೊರಟು ಆಬರ್‌ಮೌ ತಲುಪಿದೆವು. ದಂಡೆಯಲ್ಲಿ ಗಾಡಿ ನಿಲ್ಲಿಸಿ, ಹೆಲ್ಮೆಟ್ ತೆಗೆದು, ಮೂಗರಳಿಸಿ ಗಾಳಿ ಕುಡಿದ.

“ಬಂತು ನೋಡು ಆಬರ್‌ದಾರನ್” ಎಂದ. ಮಕ್ಕಳು ಆಡುವ ತಿರುಗುಯಂತ್ರ, ಐಸ್‌ಕ್ರೀಂ ಗಾಡಿ, ಚಾಪೆ ಹಾಸಿ ಮಲಗಿದ ಜನ, ಎಲ್ಲದರ ಮೇಲೂ ಅವನ ಕಣ್ಣು ಹೋಗಿ ಬಂತು. “ದ್ವೀಪ ಎಲ್ಲಿ ಹೋಯ್ತೋ?”

“ಮಂಜು ಮುಚ್ಚಿದೆ” ಎಂದೆ. ಆಕಾಶದಲ್ಲಿ ಒಂದು ಚೂರು ಮೋಡವಿರಲಿಲ್ಲ.

ಆಲೂಗಡ್ಡೆ ಚಿಪ್ಸ್ ಕರಿಯುವ ಅಂಗಡಿಯಲ್ಲಿ ಒಬ್ಬಳು ಹುಡುಗಿಯಿದ್ದಳು. ಇದ್ವಲ್ ಅವಳನ್ನು ಕೇಳಿದ, “ಎನ್ಲಿಗೆ ದೋಣಿ ಎಷ್ಟೊತ್ತಿಗಮ್ಮಾ?”

“ಎನ್ಲಿಗಾ ತಾತ? ಅದಕ್ಕೆ ನೀವು ಆಬರ್‌ದಾರನ್‌ಗೆ ಹೋಗಬೇಕು. ಇದು ಆಬರ್‌ಮೌ. ವಿನಿಗರ್ ಹಾಕಲಾ?”

ಅವನು ನನ್ನ ಕಡೆ ತಿರುಗಿದ. ಅಣ್ಣಾ, ಆ ಕ್ಷಣ ಅವನು ಪೂರ್ತಿ ಅಲ್ಲಿದ್ದ. ಕಣ್ಣು ತೊಳೆದ ಹಾಗಿತ್ತು.

“ನಿಂಗೆ ಗೊತ್ತಿತ್ತಾ?”

“ಗೊತ್ತಿತ್ತು.”

“ಎಲ್ಲಿಂದ?”

“ಟ್ರೌಸ್‌ವನಿದ್‌ನಿಂದ.”

“ಮತ್ತೆ ಯಾಕೋ ಮುಂದೆ ಬರ್ಲಿಲ್ಲ?”

“ನೀನು ಕೈ ಬೀಸ್ಲಿಲ್ಲ.”

ಅವನು ನಕ್ಕ. ಹೊಟ್ಟೆ ಹಿಡಿದುಕೊಂಡು ನಕ್ಕ. ಹುಡುಗಿಯೂ ಸುಮ್ಮನೆ ನಕ್ಕಳು. “ಹಾಗಾದ್ರೆ ನಾನು ಸೀದಾ ಸಮುದ್ರಕ್ಕೆ ಇಳಿದಿದ್ರೂ ಹಿಂದೆ ಬರ್ತಿದ್ದೆ ಅನ್ನು.”

“ಬರ್ತಿದ್ದೆ.”

ನಗು ನಿಂತಿತು. “ಪೆದ್ದ ಕಣೋ ನೀನು” ಎಂದು ನನ್ನ ತೋಳು ಹಿಡಿದ. ಬೆಂಚಿನ ಮೇಲೆ ಕೂತು ಚಿಪ್ಸ್ ತಿಂದೆವು, ನೆಸ್ತಾಳ ಬ್ರೆಡ್ಡು ತಿಂದೆವು, ಹಳೆಯ ಮಾತಾಡಿದೆವು. ಚಹಾ ಮುಗಿಯುವಷ್ಟರಲ್ಲಿ ಅವನ ಕಣ್ಣು ಮತ್ತೆ ಮಸುಕಾಗಿತ್ತು, ದ್ವೀಪ ಯಾವಾಗ ಕಾಣುತ್ತದೆಂದು ಕೇಳಿದ.

ಹಿಂತಿರುಗುವಾಗಲೂ ಅವನೇ ಮುಂದೆ. ಊರು ದಾಟಿದ ಮೇಲೆ ಓಕ್ ಮರಗಳ ನಡುವೆ ರಸ್ತೆ ಕಿರಿದಾಗುವ ಜಾಗ ನಿನಗೆ ನೆನಪಿದ್ದೀತು. ಅಲ್ಲಿ ಅವನು ಮೆಲ್ಲಗೆ, ತನ್ನದೇ ಅಂಗಳದಲ್ಲಿ ಹೋಗುವವನ ಹಾಗೆ, ರಸ್ತೆಯ ಬಲಮಗ್ಗುಲಿಗೆ ಸರಿದ. ಅಲ್ಲೇ ಉಳಿದ. ನಾನು ಹಾರ್ನ್ ಒತ್ತಿದೆ. ಅವನು ಖುಷಿಯಲ್ಲಿ ತಾನೂ ಒತ್ತಿದ. ತಿರುವಿನಾಚೆಯಿಂದ ಒಂದು ಕಾರು ಬರುತ್ತಿರುವುದು ಮರಗಳ ಸಂದಿಯಲ್ಲಿ ಕಂಡಿತು.

ನಾನು ದಾಟಿದೆ. ಜೀವಮಾನದಲ್ಲಿ ಮೊದಲ ಸಲ, ಕೈ ಬೀಸದೆ ಇದ್ದಾಗ ದಾಟಿದೆ. ಅವನ ಎಡಗಡೆಯಿಂದ ನುಗ್ಗಿ ಅವನನ್ನು ಆಚೆಯ ಹುಲ್ಲಿಗೆ ತಳ್ಳಿದೆ. ಅವನು ಗಾಡಿ ಸಮೇತ ಬಿದ್ದ, ನಾನೂ ಬಿದ್ದೆ. ಕಾರು ಕಿರುಚಿಕೊಂಡು ನಿಂತಿತು. ಅದರಿಂದ ಇಳಿದ ಹೆಂಗಸು ಬೈಯಲಿಲ್ಲ. ಹಿಂದಿನ ಸೀಟಿನಲ್ಲಿ ಇಬ್ಬರು ಮಕ್ಕಳಿದ್ದರು. ಅವಳು ಬಾಗಿಲು ತೆರೆದು ಒಂದೊಂದಾಗಿ ಮಕ್ಕಳ ತಲೆ ಮುಟ್ಟಿ ನೋಡಿದಳು, ನಮ್ಮಿಬ್ಬರನ್ನು ನೋಡಿದಳು, ಹೊರಟುಹೋದಳು. ಬೈದಿದ್ದರೆ ಚೆನ್ನಾಗಿತ್ತು.

ಇದ್ವಲ್‌ಗೆ ಒಂದು ಗೀರೂ ಆಗಿರಲಿಲ್ಲ. ಹುಲ್ಲಿನಿಂದ ಎದ್ದು ನನ್ನ ಎದೆಗೆ ಬೆರಳಿಟ್ಟ. “ಕೈ ಬೀಸದೆ ದಾಟಿದೆ. ನಾಚಿಕೆಯಾಗಲ್ವಾ ನಿಂಗೆ? ಯಾರು ಕಲಿಸಿದ್ದು ಇದನ್ನ?”

“ತಪ್ಪಾಯ್ತು” ಎಂದೆ. ಬೇರೆ ಏನು ಹೇಳಲಿ?

ಅವನ ಗಾಡಿಯನ್ನು ಹತ್ತಿರದ ಒಂದು ತೋಟದವರ ಕೊಟ್ಟಿಗೆಯಲ್ಲಿ ಬಿಟ್ಟೆವು. ಅವನು ನನ್ನ ಬೆನ್ನಿಗೆ ಕೂತ. ಒಂದು ಮೈಲಿ ಹೋಗುವಷ್ಟರಲ್ಲಿ ಕೋಪ ಮರೆತಿದ್ದ. ನನ್ನ ಸೊಂಟ ತಬ್ಬಿಕೊಂಡು ಚಾಪೆಲ್ಲಿನ ಹಾಡಿನ ಕೆಳದನಿಯ ಭಾಗವನ್ನು ಹಾಡುತ್ತಾ ಬಂದ. ಒಂದು ಪದವೂ ತಪ್ಪಲಿಲ್ಲ. ಮೇಲಿನ ದನಿಯಿಲ್ಲದೆ ಆ ಹಾಡು ಎಷ್ಟು ಬೋಳಾಗಿ ಕೇಳಿಸುತ್ತದೆಂದು ನಿನಗೆ ಗೊತ್ತಲ್ಲ. ನಾನು ರಸ್ತೆ ನೋಡುತ್ತಾ ಓಡಿಸಿದೆ.

ನೆಸ್ತಾ ಗೇಟಿನಲ್ಲಿದ್ದಳು. ಒಂದೇ ಗಾಡಿ ಬಂದದ್ದನ್ನು ನೋಡಿದಳು. ಆದರೂ ನನ್ನ ಬಾಯಿಂದಲೇ ಬರಲೆಂದು ನಿಂತಳು.

“ಹೇಳು” ಎಂದಳು.

“ಮಾರಿಬಿಡು.”

ಇದ್ವಲ್ ಪಕ್ಕದಲ್ಲೇ ಕೈಗವಸು ಬಿಚ್ಚುತ್ತಿದ್ದ. “ಏನು ಮಾರೋದು? ಗುಡ್ಡದ ಮೇಲಿನ ಕುರಿಗಳನ್ನಾ? ಈ ರೇಟಿಗೆ ಬೇಡ, ಶರತ್ಕಾಲದವರೆಗೆ ತಡೀರಿ” ಎಂದ.

ಹೋದ ವಾರ ಚೆಸ್ಟರ್‌ನಿಂದ ಒಬ್ಬ ಬಂದು, ಆ ಕೊಟ್ಟಿಗೆಯಿಂದ ತರಿಸಿಟ್ಟಿದ್ದ ಟ್ರಯಂಫನ್ನು ವ್ಯಾನಿನಲ್ಲಿ ಹಾಕಿಕೊಂಡು ಹೋದ. ಇದ್ವಲ್ ರಂಪ ಮಾಡುತ್ತಾನೆ, ನನ್ನನ್ನು ಕಳ್ಳನೆನ್ನುತ್ತಾನೆ ಎಂದು ಹೆದರಿದ್ದೆ. ಅವನು ವ್ಯಾನು ತಿರುಗಿಸಲು ಗೇಟು ಹಿಡಿದು ಸಹಾಯ ಮಾಡಿದ. ಗಾಡಿ ಚೆನ್ನಾಗಿ ಇಟ್ಟಿದ್ದಾರೆ ಯಾರೋ, ಎಂದ.

ಇಷ್ಟು, ಅಣ್ಣಾ. ಇನ್ನು ಸಮುದ್ರಕ್ಕೆ ಹೋಗುವುದಿಲ್ಲ. ಒಬ್ಬನೇ ಹೋಗಬಹುದು ಎಂದು ಪಾದ್ರಿಗಳು ಹೇಳಿದರು, ಒಳ್ಳೆಯ ಮನುಷ್ಯ. ಒಬ್ಬನೇ ಹೋದರೆ ನಾನು ಮುಂದಿರುವವನೋ ಹಿಂದಿರುವವನೋ ಅಂತ ಅವರನ್ನು ಕೇಳಲಿಲ್ಲ. ನನ್ನ ಜಪಾನಿಯ ಮೇಲೆ ಗೋಣಿಚೀಲ ಹೊದಿಸಿದ್ದೇನೆ. ಬೆಳಗ್ಗೆ ಏಳುತ್ತೇನೆ, ಕುರಿ ನೋಡುತ್ತೇನೆ, ಮಲಗುತ್ತೇನೆ. ನೀನು ಕೇಳಿದ್ದಕ್ಕೆ ಬರೆದೆ, ನನ್ನ ಬಗ್ಗೆ ಚಿಂತೆ ಮಾಡಬೇಡ.

ಅತ್ತಿಗೆಗೆ, ಮಕ್ಕಳಿಗೆ, ಕುದುರೆಯ ಮೇಲಿನ ಆ ಪುಟ್ಟಿಗೆ ನನ್ನ ಪ್ರೀತಿ. ಅಲ್ಲಿ ಚಳಿಗಾಲ ಶುರುವಾಗಿರಬೇಕು, ಎದೆ ಬೆಚ್ಚಗಿಟ್ಟುಕೋ. ದೇವರು ನಿನ್ನ ಮನೆಯಲ್ಲಿ ಎಲ್ಲರಿಗೂ ಎಲ್ಲರ ಹೆಸರು ಕೊನೆಯತನಕ ನೆನಪಿರುವ ಹಾಗೆ ಮಾಡಲಿ.

ನಿನ್ನ ತಮ್ಮ,
ಹೆವಿನ್

ಮರೆತ ಮಾತು: ಮರೆತದ್ದಲ್ಲ, ಬಿಟ್ಟದ್ದು. ಮೇಲೆ ಇದ್ವಲ್‌ನ ಮಾತುಗಳನ್ನು ಬರೆಯುವಾಗ ಅವನು ನನ್ನನ್ನು ಕರೆದ ಹೆಸರನ್ನು ಎಲ್ಲ ಕಡೆಯೂ ಬಿಟ್ಟಿದ್ದೇನೆ. ಅವತ್ತು ಕೆರೆಯ ಬಳಿ ಒಂದು ಗಳಿಗೆ ನಿಂತಾಗಲೇ ಅವನು ನನ್ನನ್ನು ‘ಎಮಿರ್’ ಎಂದ. ಬಾಯಿ ತಪ್ಪಿತೆಂದುಕೊಂಡೆ. ಸಂಜೆಯವರೆಗೂ ಎಮಿರ್ ಎಂದೇ ಕರೆದ. ಅವನು ಮುಂದೆ ಹೋದದ್ದೂ ತಾನು ಕುಗ್ಗಿದೆನೆಂದು ಅಲ್ಲ. ನಿಮ್ಮಿಬ್ಬರಲ್ಲಿ ಚುರುಕಿನವನು ನೀನು. ನಿನ್ನ ಜೊತೆ ಹೋಗುವಾಗ ಅವನು ಯಾವಾಗಲೂ ಮುಂದೆ.

ಆಬರ್‌ಮೌನ ಬೆಂಚಿನ ಮೇಲೆ ಅವನು ಹೇಳಿದ, “ನಿನ್ನ ತಮ್ಮ ಒಬ್ಬ ಇದ್ದಾನಲ್ಲ, ನಾವು ಹೊರಟಾಗೆಲ್ಲ ಗೋಡೆ ಮೇಲೆ ಕೂತು ನೋಡ್ತಿರ್ತಾನೆ.”

“ಹೂಂ. ಹೆವಿನ್” ಎಂದೆ.

“ಹಾಂ, ಅವನೇ.”

“ಒಂದು ಸಲ ಅವನನ್ನೂ ಕರ್ಕೊಂಡು ಬರೋಣ ಕಣೋ. ಪಾಪ” ಎಂದೆ.

ಅವನು ಯೋಚನೆ ಮಾಡಿದ, ಅಣ್ಣಾ. ಸುಮ್ಮನೆ ತಳ್ಳಿಹಾಕಲಿಲ್ಲ, ನಿಜವಾಗಿ ಯೋಚನೆ ಮಾಡಿದ. “ಬೇಡ ಬಿಡು” ಎಂದ. “ಅವನು ಬಂದ್ರೆ ನಾವಿಬ್ರು ಮಾತಾಡೋಕಾಗಲ್ಲ.”

ನಲವತ್ತು ಬೇಸಿಗೆ. ಅದರಲ್ಲಿ ಒಂದರಲ್ಲೂ ನಾನಿಲ್ಲ.

ಈಗ ದಿನ ಬಿಟ್ಟು ದಿನ ಹೋಗಿ ಅವನ ಪಕ್ಕ ಕೂರುತ್ತೇನೆ. “ಬಂದ್ಯಾ ಎಮಿರ್” ಎಂದು ಮುಖ ಅರಳಿಸುತ್ತಾನೆ. ನೆಸ್ತಾ ಬೆನ್ನು ತಿರುಗಿಸಿ ಪಾತ್ರೆ ತೊಳೆಯುತ್ತಾಳೆ. ತಿದ್ದಿದರೆ ಅವನು ಹೆದರುತ್ತಾನೆ, ಒಮ್ಮೆ ತಿದ್ದಿ ನೋಡಿದೆ. ನಾನು ಹೆವಿನ್ ಎಂದರೆ ಅವನ ಮನೆಗೆ ಯಾರೋ ಅಪರಿಚಿತ ಬಂದ ಹಾಗೆ. ಅದಕ್ಕೇ ಎಮಿರ್ ಆಗಿಯೇ ಕೂರುತ್ತೇನೆ. ಆದರೆ ಅವನು ಆ ಮೂರು ನಾಲ್ಕು ಬೇಸಿಗೆಗಳ ಮಾತನ್ನೇ ಎತ್ತುತ್ತಾನೆ. ದೋಣಿ ಕದ್ದದ್ದು ಯಾರದ್ದು, ಕ್ರಿಕಿಯತ್‌ನ ಹುಡುಗಿ ಕೊನೆಗೆ ಏನಂದಳು, ಮಳೆಯಲ್ಲಿ ಯಾವ ಚಾಪೆಲ್ಲಿನೊಳಗೆ ಮಲಗಿದ್ದು. ನಾನು ತಿಳಿದವನ ಹಾಗೆ ನಗುತ್ತೇನೆ. ಮೊನ್ನೆ ಅವನು ನನ್ನನ್ನು ಸಂಶಯದಿಂದ ನೋಡಿದ.

ಹಾಗಾಗಿ ನೀನು ಈ ಸಲ ಬೇಗ ಬರೆ. ನೀವಿಬ್ಬರೂ ಎಲ್ಲೆಲ್ಲಿ ಹೋದಿರಿ, ಏನೇನು ಮಾತಾಡಿದಿರಿ, ಯಾವುದಕ್ಕೆ ನಕ್ಕಿರಿ, ನೆನಪಿದ್ದಷ್ಟನ್ನೂ ಬರೆ. ನಾನು ಅಲ್ಲಿರಲಿಲ್ಲ, ನನಗೆ ಏನೂ ಗೊತ್ತಿಲ್ಲ.